ಕಬ್ಬಿನ ಟ್ರೇಲರ್ ಟೈರಿಗೂ ವಯಸ್ಸಿದೆ, ಹಂಗಾಮಿಗೆ ಮುಂಚೆ ನೋಡಿಕೊಳ್ಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಇನ್ನೇನು ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್ ಪ್ರದೀಪನ ಶುರುವಾಗುತ್ತದೆ. ಅದಕ್ಕೆ ಮೊದಲೇ ಈ ಪತ್ರ ಅಚ್ಚಾದರೆ ದೊಡ್ಡ ಉಪಕಾರ. ಪತ್ರ ಉದ್ದವಾಗಿದೆ, ಗೊತ್ತು. ಕತ್ತರಿಸಲೇಬೇಕಾದರೆ ನನ್ನ ಮನೆಯ ಸಂಗತಿ ಕತ್ತರಿಸಿ, ಟೈರಿನ ಲೆಕ್ಕ ಮಾತ್ರ ಉಳಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ನಾನು ಮುಧೋಳ ತಾಲ್ಲೂಕಿನ ಕಬ್ಬು ಬೆಳೆಗಾರ. ಘಟಪ್ರಭೆಯ ದಂಡೆಗಿರುವ ಊರು, ಏಳು ಎಕರೆ ಎರೆಹೊಲ. ವಯಸ್ಸು 58. ಒಂದು ಟ್ರ್ಯಾಕ್ಟರ್, ನಾಲ್ಕು ಗಾಲಿಯ ಎರಡು ಟ್ರೇಲರ್ ಇವೆ. ನಮ್ಮ ಕಬ್ಬು ಹೋದ ಮೇಲೆ ಊರವರ ಕಬ್ಬನ್ನೂ ಬಾಡಿಗೆಗೆ ಸಾಗಿಸುತ್ತೇವೆ. ಟ್ರ್ಯಾಕ್ಟರ್ ಹೊಡೆಯುವವನು ನನ್ನ ಮಗ. ಲೆಕ್ಕ, ಡೀಸೆಲ್ಲು, ರಿಪೇರಿ, ಟೈರು ನನ್ನ ಪಾಲಿಗೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ತಪ್ಪು ಇದ್ದದ್ದು ನನ್ನದೇ, ಮಗನದಲ್ಲ.

2025ರ ಸಂಕ್ರಾಂತಿ ಕಳೆದು ನಾಲ್ಕನೇ ರಾತ್ರಿ. ಎರಡೂ ಟ್ರೇಲರ್ ತುಂಬ ಕಬ್ಬು, ಸೇರಿ 20 ಟನ್ನಿಗೂ ಮೇಲೆ. ಲೋಕಾಪುರದ ಕಡೆ ಹೋಗುವ ರಸ್ತೆ. ಒಂದೂವರೆ ಗಂಟೆ ಹೊತ್ತಿಗೆ ಹಿಂದಿನ ಟ್ರೇಲರ್‌ನ ಬಲಗಡೆಯ ಹಿಂಗಾಲಿ ಒಡೆಯಿತು. ಎಂಜಿನ್ ಸದ್ದಿನಲ್ಲಿ ಮಗನಿಗೆ ಅದು ಗಣಿಯ ಮದ್ದಿನ ಸದ್ದಿನಂತೆ ಎಲ್ಲೋ ದೂರ ಕೇಳಿಸಿತಂತೆ. ಅವನು ತಿರುಗಿ ನೋಡಿ ನಿಲ್ಲಿಸುವಷ್ಟರಲ್ಲಿ ಟ್ರೇಲರ್ ರಸ್ತೆ ಅಂಚಿನ ಮಣ್ಣಿಗೆ ಇಳಿದು ಹೊರಳಿತ್ತು. ಕಬ್ಬಿನ ಮೇಲೆ ಕಬ್ಬು ಕಡಿಯುವ ಗ್ಯಾಂಗಿನ ಹುಡುಗನೊಬ್ಬ ಮಲಗಿದ್ದ. ಹತ್ತೊಂಬತ್ತು ವರ್ಷದವನು, ಇಂಡಿ ಕಡೆಯವನು, ಬೆಳಗಿನ ಬಸ್ಸಿಗೆ ಊರಿಗೆ ಹೋಗಿ ಬರಬೇಕೆಂದು ಹತ್ತಿದ್ದ. ಅವನ ಮೇಲೆ ಕಬ್ಬು ಬಿದ್ದು ಬಲಗೈ ಎರಡು ಕಡೆ ಮುರಿಯಿತು. ಜೀವ ಉಳಿಯಿತು. ತುಂಬಿದ ಕಬ್ಬಿನ ಮೇಲೆ ಆಳು ಹತ್ತಿಸಬಾರದು ಎನ್ನುವುದು ಬೇರೆಯೇ ಮಾತು, ಅದೂ ನನ್ನದೇ ತಪ್ಪು.

ಮರುದಿನ ಒಡೆದ ಗಾಲಿಯನ್ನು ಪಂಚರ್ ಅಂಗಡಿಗೆ ಒಯ್ದೆ. ನಲವತ್ತು ವರ್ಷದಿಂದ ಟೈರು ಬಿಚ್ಚುತ್ತಿರುವ ಚಾಚಾ ಅವರ ಅಂಗಡಿ. ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ಮೊಳೆಯೋ ಚೂಪುಗಲ್ಲೋ ಹೊಕ್ಕಿರಬೇಕು. ಯಾಕೆಂದರೆ ಟೈರಿನ ಬಟನ್, ಅಂದರೆ ನೆಲಕ್ಕೆ ತಾಗುವ ಮೈಯ ಮೇಲಿನ ಉಬ್ಬು ಪಟ್ಟಿ, ಚೆನ್ನಾಗಿತ್ತು. ಬೆರಳಿಟ್ಟರೆ ಉಗುರು ಮುಳುಗುವಷ್ಟು ಆಳ. ಮೂರು ಹಂಗಾಮು ಸಹ ಪೂರ್ತಿ ಓಡಿರಲಿಲ್ಲ.

ಚಾಚಾ ಮೊಳೆ ಹುಡುಕಲಿಲ್ಲ. ಟೈರನ್ನು ನೆಲಕ್ಕೆ ಕೆಡವಿ, ತೊಯ್ದ ಅರಿವೆಯಿಂದ ಅದರ ಪಕ್ಕೆ ಒರೆಸಿದರು. ಧೂಳು ಹೋದ ಮೇಲೆ ಕಂಡದ್ದು ಸಣ್ಣ ಸಣ್ಣ ಬಿರುಕು, ಸುತ್ತೂ. ಏಪ್ರಿಲ್‌ನಲ್ಲಿ ನಮ್ಮ ಎರೆಭೂಮಿ ಬಾಯಿ ಬಿಡುವ ಹಾಗೆ, ಒಂದಕ್ಕೊಂದು ಕೂಡಿಕೊಂಡು ಜಾಳಿಗೆಯಾಗಿದ್ದವು. ಅವರು ಎರಡೂ ಕೈಯಿಂದ ಪಕ್ಕೆಯನ್ನು ಬಗ್ಗಿಸಿದಾಗ ಬಿರುಕು ತೆರೆದು ಒಳಗಿನ ನೂಲು ಬೆಳ್ಳಗೆ ಕಾಣಿಸಿತು. ಹೆಬ್ಬೆರಳಿಂದ ಒತ್ತಿ ತಿಕ್ಕಿದರೆ ರಬ್ಬರು ಕಾಡಿಗೆಯ ಹಾಗೆ ಪುಡಿಪುಡಿಯಾಗಿ ಬೆರಳಿಗೆ ಹತ್ತಿತು.

‘ಬಟನ್ ಏನ್ ನೋಡ್ತೀರಿ ಸಾವ್ಕಾರ್ರ, ಹುಟ್ಟಿದ ದಿನಾ ನೋಡ್ರಿ’ ಅಂದರು.

ಟೈರಿನ ಪಕ್ಕೆಯ ಮೇಲೆ ಅಕ್ಷರಗಳ ಸಾಲಿನ ಕೊನೆಗೆ ಮೊಟ್ಟೆ ಆಕಾರದ ಗೆರೆಯೊಳಗೆ ನಾಲ್ಕು ಅಂಕಿ ಇದ್ದವು: 3813. ಮೊದಲಿನ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. 2013ನೇ ಇಸವಿಯ 38ನೇ ವಾರ, ಅಂದರೆ ಆ ವರ್ಷದ ಸೆಪ್ಟೆಂಬರ್. ಆಗ ನನ್ನ ಮಗ ಎಂಟನೇ ತರಗತಿಯಲ್ಲಿದ್ದ. ಒಡೆಯುವಾಗ ಟೈರಿಗೆ ಹನ್ನೊಂದು ವರ್ಷ ತುಂಬಿತ್ತು.

ಅದು ಲಾರಿಯಿಂದ ಇಳಿಸಿದ ಹಳೆಯ 9.00-20 ಅಳತೆಯ ಟೈರು, ಮೇಲೆ ಹೊಸ ಬಟನ್ ಹಚ್ಚಿಸಿದ ರೀಟ್ರೆಡ್. 2022ರಲ್ಲಿ ಜೋಡಿಗೆ ₹9,000 ಕೊಟ್ಟು ತಂದಿದ್ದೆ. ಬಟನ್ ಹೊಸದು ನೋಡಿ ಟೈರೇ ಹೊಸದರ ಹಾಗೆ ಅಂದುಕೊಂಡೆ. ಹಳೆಯ ಗೋಡೆಗೆ ಸುಣ್ಣ ಹಚ್ಚಿದರೆ ಗೋಡೆ ಹೊಸದಾಗುವುದಿಲ್ಲ ಎನ್ನುವುದು ಮನೆ ಕಟ್ಟಿಸಿದ ನನಗೆ ಗೊತ್ತಿತ್ತು, ಟೈರಿನ ವಿಷಯಕ್ಕೆ ಹೊಳೆಯಲಿಲ್ಲ. ರೀಟ್ರೆಡ್ ಮಾಡುವುದೇ ತಪ್ಪು ಎಂದು ಹೇಳುತ್ತಿಲ್ಲ. ಒಳ್ಳೆಯ ಮೈ ಇರುವ ಟೈರಿಗೆ ಒಳ್ಳೆಯ ಕಡೆ ಬಟನ್ ಹಚ್ಚಿಸಿ ಲಾರಿಯವರು ವರ್ಷಗಟ್ಟಲೆ ಓಡಿಸುತ್ತಾರೆ. ಆದರೆ ಬಟನ್ ಮಾತ್ರ ಹೊಸದಾಗುತ್ತದೆ, ಮೈಯ ವಯಸ್ಸು ಇದ್ದಷ್ಟೇ ಇರುತ್ತದೆ. ತರುವಾಗ ಆ ನಾಲ್ಕು ಅಂಕಿ ಓದಿದ್ದರೆ ಆ ₹9,000 ನಾನು ಕೊಡುತ್ತಿರಲಿಲ್ಲ.

ಅಂದು ಮನೆಗೆ ಬಂದವನೇ ಬ್ಯಾಟರಿ ಹಿಡಿದು ಉಳಿದ ಟೈರುಗಳನ್ನು ನೋಡಿದೆ. ಅಂಕಿ ಎಷ್ಟೋ ಟೈರುಗಳಲ್ಲಿ ಒಂದೇ ಪಕ್ಕೆಗೆ ಇರುತ್ತದೆ. ಗಾಲಿ ಹೂಡುವಾಗ ಆ ಪಕ್ಕೆ ಒಳಗೆ ಹೋಗಿದ್ದರೆ ಟ್ರೇಲರ್ ಕೆಳಗೆ ತೆವಳಿ ನೋಡಬೇಕು. ಮುಂದಿನ ಟ್ರೇಲರ್‌ನ ನಾಲ್ಕೂ 2216, ಅವು ಟ್ರೇಲರ್ ಕೊಳ್ಳುವಾಗ ಬಂದಂಥವು. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ನಮ್ಮ ಓಣಿಯ ಐದು ಮನೆಗಳ ಕಾಳುಕಡಿ, ಹಾಸಿಗೆ, ಕರುಗಳನ್ನು ಎತ್ತರಕ್ಕೆ ಸಾಗಿಸಿದ್ದು ಇದೇ ಟ್ರೇಲರ್. ಹಿಂದಿನದರ ಎರಡು ಗಾಲಿ 4719. ಒಡೆದದ್ದರ ಜೋಡಿ ಸಹ 2013ರದು. ಎಲ್ಲಕ್ಕಿಂತ ಹಳೆಯದು ಸ್ಟೆಪ್ನಿ: 4011. ಒಂದು ದಿನವೂ ನೆಲಕ್ಕೆ ತಾಗದೆ ಟ್ರೇಲರ್ ಅಡಿಗೆ ಸರಪಳಿಯಲ್ಲಿ ತೂಗುತ್ತಿದ್ದ ಟೈರು, ಬಟನ್ ಒಂಚೂರೂ ಸವೆದಿರಲಿಲ್ಲ. ಅವತ್ತು ರಾತ್ರಿ ಬಿದ್ದ ಗಾಲಿಯ ಬದಲು ಹಾಕಿ ಕಾರ್ಖಾನೆ ಮುಟ್ಟಿಸಲು ನಾವು ನಂಬಿಕೊಂಡಿದ್ದು ಅದನ್ನೇ!

ಟೈರು ಓಡದೆ ನಿಂತರೆ ಉಳಿಯುತ್ತದೆ, ಓಡಿದರೆ ಸವೆಯುತ್ತದೆ ಎಂದೇ ನಾವೆಲ್ಲ ತಿಳಿದಿದ್ದೇವೆ. ಇದು ಅರ್ಧ ಸತ್ಯ. ಉಳಿದರ್ಧವನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಬೀಗರು, ಬಸ್ ಡಿಪೊದ ಟೈರ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ರಬ್ಬರು ಬಿರಿಯದಿರಲಿ ಎಂದು ಟೈರು ಮಾಡುವಾಗಲೇ ಅದರೊಳಗೆ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ. ಗಾಲಿ ತಿರುಗುತ್ತಿದ್ದರೆ, ಟೈರಿನ ಮೈ ಬಾಗುತ್ತ ನೆಟ್ಟಗಾಗುತ್ತ ಇದ್ದರೆ, ಆ ಮೇಣ ಒಳಗಿನಿಂದ ಮೇಲಕ್ಕೆ ಬಂದು ತೆಳ್ಳಗೆ ಹೊದಿಕೆಯಾಗುತ್ತದೆ. ಗಾಳಿಯಲ್ಲಿನ ಓಝೋನು, ಬಿಸಿಲು ರಬ್ಬರನ್ನು ನೇರ ತಿನ್ನದಂತೆ ಅದು ತಡೆಯುತ್ತದೆ. ನಿಂತ ಗಾಲಿಯಲ್ಲಿ ಮೇಣ ಅಷ್ಟಾಗಿ ಮೇಲೆ ಬರುವುದಿಲ್ಲ. ಮೇಲಿದ್ದದ್ದು ಮಳೆ ಬಿಸಿಲಿಗೆ ಹೋಗಿಬಿಡುತ್ತದೆ. ‘ಬಸ್ಸಿನ ಟೈರ್ ಮುದುಕಾಗೋದಕ್ಕ ಮೊದಲ ಸವೀತೈತಿ, ನಿಮ್ಮ ಟ್ರೇಲರ್ ಟೈರ್ ಸವಿಯೂದಕ್ಕ ಮೊದಲ ಮುದುಕಾಗತೈತಿ’ ಎಂದು ಬೀಗರು ಹೇಳಿದ್ದು ನನ್ನ ತಲೆಯಲ್ಲಿ ಕೂತಿದೆ.

ನಮ್ಮ ಕಡೆ ಟ್ರೇಲರ್‌ನ ವರ್ಷ ಹೇಗಿರುತ್ತದೆ ನೋಡಿ. ದೀಪಾವಳಿಯ ಆಸುಪಾಸಿನಿಂದ ಶಿವರಾತ್ರಿ, ಹೆಚ್ಚೆಂದರೆ ಯುಗಾದಿಯವರೆಗೆ ಹಗಲೂ ರಾತ್ರಿ ಹೇರು. ಆಮೇಲೆ ಅಲ್ಲೊಂದು ಇಲ್ಲೊಂದು ತಿಪ್ಪೆಗೊಬ್ಬರದ ಹೇರು ಬಿಟ್ಟರೆ ಆರೇಳು ತಿಂಗಳು ಕಣದಲ್ಲೇ ನಿಂತಿರುತ್ತದೆ. ಏಪ್ರಿಲ್ ಮೇ ಬಿಸಿಲು, ಆಮೇಲೆ ಮಳೆಗಾಲ ಪೂರ್ತಿ. ನನ್ನ ಟ್ರೇಲರ್‌ಗಳು ಒಂಬತ್ತು ವರ್ಷದಿಂದ ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ನಿಲ್ಲುತ್ತಿದ್ದವು. ಪಡುವಣದ ಬದಿಯ ಗಾಲಿಗಳಿಗೆ ಮಧ್ಯಾಹ್ನ ಎರಡರಿಂದ ಹೊತ್ತು ಮುಳುಗುವ ತನಕ ನೇರ ಬಿಸಿಲು, ಮೂಡಣದ ಬದಿಗೆ ಬೇವಿನ ಮರದ ನೆರಳು. 2216 ಇರುವ ನಾಲ್ಕೂ ಟೈರು ಒಂದೇ ವಾರ ಹುಟ್ಟಿದವು, ಒಂದೇ ಹೇರು ಹೊತ್ತವು. ಆದರೂ ಪಡುವಣದ ಎರಡರ ಪಕ್ಕೆ ಬಿರಿದಿದೆ, ಮೂಡಣದವುಗಳಲ್ಲಿ ಬಿರುಕು ಬರೀ ಗೀರಿನಷ್ಟು. ಯಾರಿಗಾದರೂ ಅನುಮಾನವಿದ್ದರೆ ತಮ್ಮ ಕಣದಲ್ಲಿ ನಿಂತ ಟ್ರೇಲರ್‌ನ ಎರಡೂ ಬದಿ ಒರೆಸಿ ನೋಡಲಿ.

ಇದು ನಮ್ಮ ಊರಿನ ಪೀಡೆ ಮಾತ್ರವಲ್ಲ. ನನ್ನ ತಮ್ಮನ ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ. ಅವರ ಹತ್ತಿರವೂ ಒಂದು ಟ್ರೇಲರ್ ಇದೆ. ಹೇರಿಗಲ್ಲ, ಒಳಗೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಗಾಲಿ ಮೇಲಿನ ಮನೆ. ಪಿಕಪ್ ಗಾಡಿಗೆ ಕಟ್ಟಿಕೊಂಡು ರಜೆಯಲ್ಲಿ ಕಾಡು ಬೆಟ್ಟ ನೋಡಲು ಹೋಗುತ್ತಾರೆ. ವರ್ಷದಲ್ಲಿ ನಾಲ್ಕೈದು ವಾರ ಓಡುತ್ತದೆ, ಉಳಿದ ದಿನ ಅಂಗಳದ ಬಿಸಿಲಿನಲ್ಲಿ. ನಾನು ಫೋನಿನಲ್ಲಿ ನಮ್ಮ ಕಥೆ ಹೇಳಿದಾಗ ಅಳಿಯಂದಿರು ‘ಇಲ್ಲೂ ಅದೇ ಕಾಟ ಮಾಮಾ’ ಅಂದರು. ಅಂಥ ಟ್ರೇಲರ್‌ಗಳಿಗೆಂದೇ ಅಲ್ಲಿ ಎಸ್‌ಟಿ (ಸ್ಪೆಷಲ್ ಟ್ರೇಲರ್) ಎಂದು ಅಚ್ಚಾದ ಬೇರೆ ಟೈರು ಸಿಗುತ್ತವೆ. ಪಕ್ಕೆಯಲ್ಲಿ ಬೇರೆ ವೇಗ ಅಚ್ಚಾಗಿರದಿದ್ದರೆ ಅವಕ್ಕೆ ಗಂಟೆಗೆ 65 ಮೈಲಿ ವೇಗದ ಮಿತಿ. ಬಟನ್ ಎಷ್ಟೇ ಉಳಿದಿರಲಿ, ಐದಾರು ವರ್ಷಕ್ಕೆ ಬದಲಿಸಿಬಿಡುವುದು ತಿಳಿದವರ ರೂಢಿ. ಹೆದ್ದಾರಿಯಲ್ಲಿ ಒಡೆದರೆ ಹರಿದ ಟೈರಿನ ಪಟ್ಟಿ ಚಾವಟಿಯ ಹಾಗೆ ಬೀಸಿ ಟ್ರೇಲರ್‌ನ ಅಡಿಯನ್ನೇ ಕಿತ್ತು, ನೀರಿನ ಕೊಳವೆ, ವಿದ್ಯುತ್ ತಂತಿ ಹರಿಯುತ್ತದಂತೆ. ಮಾತಾಡುತ್ತಲೇ ಹೊರಗೆ ಹೋಗಿ ತಮ್ಮ ಟ್ರೇಲರ್‌ನ ಅಂಕಿ ಓದಿ ಹೇಳಿದರು: 3217. ಆ ವಾರವೇ ನಾಲ್ಕನ್ನೂ ಬದಲಿಸಿದರು. ಅವರ ನಾಲ್ಕು ಅಂಕಿಗೂ ನಮ್ಮ ನಾಲ್ಕು ಅಂಕಿಗೂ ಲೆಕ್ಕ ಒಂದೇ.

ಹಾಗಾದರೆ ನಾವು ಯಾವಾಗ ಬದಲಿಸಬೇಕು? ನಮ್ಮಲ್ಲಿ ಎಲ್ಲರೂ ನೋಡುವುದು ಬಟನ್. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹೇಳಿರುವ 1.6 ಮಿಲಿಮೀಟರ್ ಆಳವೂ ಬಟನ್ನಿನದೇ, ಅದು ಸವೆತದ ಲೆಕ್ಕ. ಆ ಲೆಕ್ಕದಲ್ಲಿ ನನ್ನ ಒಡೆದ ಟೈರು ಪಾಸು, ಸ್ಟೆಪ್ನಿಯಂತೂ ಮೊದಲ ದರ್ಜೆ. ವಯಸ್ಸಿನ ಲೆಕ್ಕವನ್ನು ನಾವೇ ಇಟ್ಟುಕೊಳ್ಳಬೇಕು. ದೊಡ್ಡ ಟೈರು ಕಂಪನಿಗಳು ಹೇಳುವುದು, ಐದು ವರ್ಷ ಆದ ಮೇಲೆ ಪ್ರತಿ ವರ್ಷ ತಿಳಿದವರಿಂದ ತಪಾಸಣೆ ಮಾಡಿಸಿ, ತಯಾರಾದ ದಿನದಿಂದ ಹತ್ತು ವರ್ಷ ಆದರೆ ನೋಡಲು ಎಷ್ಟೇ ಚೆನ್ನಾಗಿದ್ದರೂ ತೆಗೆದುಬಿಡಿ, ಸ್ಟೆಪ್ನಿಯನ್ನೂ ಸೇರಿಸಿ. ಇದು ಕಾರಿನ ಟೈರಿಗೆ ಹೇಳಿದ ಮಾತು. ಒಂದೊಂದು ಟ್ರೇಲರ್‌ಗೆ ಹತ್ತು ಟನ್ನು ಹೇರಿ, ಆರು ತಿಂಗಳು ಬಿಸಿಲಿಗೆ ಬಿಡುವ ನಾವು ಹತ್ತರ ತನಕ ಕಾಯಬಾರದು ಎಂದು ನನ್ನ ಖಚಿತ ಅಭಿಪ್ರಾಯ. ನಾನು ಮಾಡಿಕೊಂಡ ಕಟ್ಟು ಇಷ್ಟು: ಐದು ತುಂಬಿದ್ದನ್ನು ಹಂಗಾಮಿಗೆ ಮೊದಲು ಚಾಚಾ ಕೈಗೆ ಕೊಟ್ಟು ಬಿಚ್ಚಿ ಒಳಗೂ ಹೊರಗೂ ನೋಡಿಸುವುದು, ಏಳು ತುಂಬಿದರೆ ಕಬ್ಬಿನ ಹೇರಿಗೆ ಹಾಕದಿರುವುದು. ನನ್ನ 2216ಗಳಿಗೆ ಏಳು ಎಂದೋ ದಾಟಿದೆ, ಅವು ಇಳಿದವು. 4719ಗಳನ್ನು ಚಾಚಾ ನೋಡಿ ಈ ಒಂದು ಹಂಗಾಮಿಗೆ ಬಿಟ್ಟಿದ್ದಾರೆ.

ವಯಸ್ಸು ಕಡಿಮೆ ಇದ್ದರೂ ತಕ್ಷಣ ಇಳಿಸಬೇಕಾದ ಟೈರುಗಳಿವೆ. ಪಕ್ಕೆಯಲ್ಲಿ ಎಲ್ಲಿಯಾದರೂ ಉಬ್ಬು ಬಂದಿದ್ದರೆ ಒಳಗಿನ ನೂಲು ಹರಿದಿದೆ ಎಂದೇ ಅರ್ಥ, ಒಂದು ಹೇರು ಸಹ ಹಾಕಬಾರದು. ಬಿರುಕಿನಲ್ಲಿ ನೂಲು ಕಂಡರೆ ಅಷ್ಟೇ. ಬಟನ್ ಸಾಲುಗಳ ತಳದಲ್ಲಿ ಸುತ್ತ ಒಂದೇ ಗೆರೆಯಾಗಿ ಬಿರುಕು ಓಡಿದ್ದರೆ ಬಟನ್ ಪಟ್ಟಿಯೇ ಬಿಟ್ಟುಕೊಳ್ಳುವ ಸೂಚನೆ. ಒಂದೇ ಅಂಚು ಸವೆಯುತ್ತಿದ್ದರೆ ಟೈರು ಬದಲಿಸುವ ಮೊದಲು ಆ್ಯಕ್ಸಲ್ ಬಾಗಿದೆಯೋ ಬೇರಿಂಗ್ ಹೋಗಿದೆಯೋ ನೋಡಿಸಬೇಕು, ಇಲ್ಲವಾದರೆ ಹೊಸದನ್ನೂ ಅದು ತಿನ್ನುತ್ತದೆ.

ಹವಾದ ಬಗ್ಗೆ ಸ್ವಲ್ಪ ಹೆಚ್ಚಿಗೆ ಹೇಳಬೇಕು. ಟ್ರ್ಯಾಕ್ಟರ್‌ನ ಮುಂದಿನ ಗಾಲಿಯಲ್ಲಿ ಹವಾ ಇಳಿದರೆ ಸ್ಟಿಯರಿಂಗ್ ಹೇಳುತ್ತದೆ. ಹಿಂದಿನ ಟ್ರೇಲರ್‌ನ ಹಿಂಗಾಲಿಯಲ್ಲಿ ಇಳಿದರೆ ಹೊಡೆಯುವವನಿಗೆ ಏನೂ ತಿಳಿಯುವುದಿಲ್ಲ. ಕಬ್ಬಿನ ಗೋಡೆ ಅಡ್ಡ, ರಾತ್ರಿ ಬೇರೆ. ಹವಾ ಕಡಿಮೆ ಇರುವ ಗಾಲಿ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ನೂಲಿಗೂ ರಬ್ಬರಿಗೂ ಇರುವ ಬೆಸುಗೆ ಬಿಡುತ್ತದೆ. ಮುದಿ ಟೈರಿಗೆ ಇದೊಂದು ಸೇರಿದರೆ ಸಾಕು. ನಾವು ಸಲಾಕೆಯಿಂದ ಟೈರಿಗೆ ಬಡಿದು ಸದ್ದು ಕೇಳಿ ‘ಹವಾ ಐತಿ’ ಅನ್ನುತ್ತೇವೆ. ಸದ್ದಿನಿಂದ ಪೂರ್ತಿ ಇಳಿದದ್ದು ತಿಳಿದೀತು, ಕಾಲುಭಾಗ ಇಳಿದದ್ದು ತಿಳಿಯುವುದಿಲ್ಲ. ಗೇಜು ಬೇಕು, ಗಾಲಿ ತಣ್ಣಗಿರುವಾಗ, ಬೆಳಿಗ್ಗೆ ಹೊರಡುವ ಮೊದಲು ಹಿಡಿಯಬೇಕು. ಎಷ್ಟು ಹವಾ ಎನ್ನುವುದು ಟೈರಿನ ಪಕ್ಕೆಯಲ್ಲೇ ಹೊರೆಯ ಜೊತೆಗೆ ಅಚ್ಚಾಗಿದೆ. ಓಡಿ ಕಾದ ಗಾಲಿಯಲ್ಲಿ ಗೇಜು ಹೆಚ್ಚು ತೋರಿಸುತ್ತದೆಂದು ಹವಾ ಬಿಡಬಾರದು.

ಮಗ ಈಗ ಒಂದು ರೂಢಿ ಮಾಡಿಕೊಂಡಿದ್ದಾನೆ. ದಾರಿಯಲ್ಲಿ ಚಹಾಕ್ಕೆ ನಿಂತಾಗ ಇಳಿದು ಎಂಟೂ ಗಾಲಿಗೆ ಮುಂಗೈ ಹಿಂಬದಿ ತಾಗಿಸಿ ಬರುತ್ತಾನೆ, ಎಮ್ಮೆಗೆ ಜ್ವರ ನೋಡುವ ಹಾಗೆ. ಎಲ್ಲವೂ ಬೆಚ್ಚಗಿರುತ್ತವೆ. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಅದರಲ್ಲಿ ಹವಾ ಇಳಿದಿದೆ, ಇಲ್ಲವೇ ಬೇರಿಂಗ್ ಹಿಡಿದಿದೆ. ಫೆಬ್ರುವರಿಯಲ್ಲಿ ಹೀಗೆಯೇ ಒಂದು ಸಿಕ್ಕಿತು. ವಾಲ್ವಿನ ಟೋಪಿ ಬಿದ್ದುಹೋಗಿ ಮಣ್ಣು ತುಂಬಿ ಹವಾ ಸೋರುತ್ತಿತ್ತು. ಹತ್ತು ರೂಪಾಯಿಯ ಕೆಲಸ.

ದಸರೆಯ ಒಂದು ಪದ್ಧತಿಯ ಬಗ್ಗೆ ಹೇಳಲೇಬೇಕು, ಯಾರೂ ತಪ್ಪು ತಿಳಿಯಬಾರದು. ಖಂಡೆ ಪೂಜೆಗೆ ನಾವು ಟ್ರೇಲರ್ ತೊಳೆಯುತ್ತೇವೆ, ಬಾಳೆಕಂದು ಕಟ್ಟುತ್ತೇವೆ, ಗಾಲಿಯಡಿ ನಿಂಬೆಹಣ್ಣು ಇಡುತ್ತೇವೆ. ನಾನೂ ಮಾಡುತ್ತೇನೆ, ಮುಂದೆಯೂ ಮಾಡುತ್ತೇನೆ. ಆದರೆ ಟೈರು ಕಪ್ಪಗೆ ಮಿಂಚಲಿ ಎಂದು ಸುಟ್ಟ ಎಂಜಿನ್ ಆಯಿಲ್ ಇಲ್ಲವೇ ಡೀಸೆಲ್ ಒರೆಸುವುದನ್ನು ದಯವಿಟ್ಟು ಬಿಡಬೇಕು. ಎಣ್ಣೆ ರಬ್ಬರಿನ ಶತ್ರು. ಅದು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಜೊತೆಗೆ ನೋಡಬೇಕಾದ ಬಿರುಕನ್ನೂ ಮುಚ್ಚಿಬಿಡುತ್ತದೆ. ನೀರು, ಸ್ವಲ್ಪ ಸಾಬೂನು ಸಾಕು. ವರ್ಷಕ್ಕೊಮ್ಮೆ ಪ್ರತಿ ಗಾಲಿಯ ಮುಂದೆ ಕೈಮುಗಿದು ಕೂರುವ ದಿನ ಅದು. ಅಂದೇ ಆ ನಾಲ್ಕು ಅಂಕಿಯನ್ನೂ ಓದಿ, ಅರಿಶಿನ ಕುಂಕುಮ ಹಚ್ಚಿದ ಮೇಲೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದು.

ದುಡ್ಡಿನ ಮಾತು ಬರುತ್ತದೆ. ಒಂಬತ್ತು ಟೈರು ಒಂದೇ ಸಲ ಹೊಸದು ಹಾಕಿಸುವ ಶಕ್ತಿ ನನಗಿಲ್ಲ, ನನ್ನಂಥ ಯಾರಿಗೂ ಇಲ್ಲ. ಕಬ್ಬಿನ ಬಿಲ್ಲು ಕೈಗೆ ಬರುವುದು ಯಾವಾಗ ಎಂದು ನಿಮ್ಮ ಪತ್ರಿಕೆಯೇ ಬರೆಯುತ್ತಿರುತ್ತದೆ. 2013ರ ಜೋಡಿಯ ಜಾಗಕ್ಕೆ ಜನವರಿಯಲ್ಲೇ ಎರಡು ಹೊಸದು ಹಾಕಿಸಿದ್ದೆ. 2216ರ ನಾಲ್ಕನ್ನು ಈ ಸಲ ಬದಲಿಸಲು ಹೆಂಡತಿಯ ಸಂಘದಲ್ಲಿ ಸಾಲ ಎತ್ತಿದ್ದೇವೆ. ಸ್ಟೆಪ್ನಿ ಇನ್ನೂ ಆಗಬೇಕು. ಮುಂದೆ ಪ್ರತಿ ಹಂಗಾಮಿನ ಕೊನೆಯ ಬಿಲ್ಲಿನಲ್ಲಿ ಎರಡು ಟೈರಿನ ದುಡ್ಡು ತೆಗೆದಿಡುವುದೆಂದು ಮನೆಯಲ್ಲಿ ಮಾತಾಗಿದೆ. ಹೊಸದು ಕೊಳ್ಳುವಾಗಲೂ ಅಂಕಿ ಓದಿ. ಅಂಗಡಿಯ ಮಾಳಿಗೆಯಲ್ಲಿ ಎರಡು ಮೂರು ವರ್ಷ ಕೂತ ಟೈರನ್ನೂ ಹೊಸದೆಂದೇ ಕೊಡುತ್ತಾರೆ. ಟ್ಯೂಬು, ಅದಕ್ಕೂ ರಿಮ್ಮಿಗೂ ನಡುವೆ ಕೂರುವ ರಬ್ಬರ್ ಪಟ್ಟಿ, ಅಂದರೆ ಫ್ಲ್ಯಾಪು, ಎರಡನ್ನೂ ಜೊತೆಗೇ ಬದಲಿಸಿ. ಹಳೆಯ ಗಟ್ಟಿಬಿದ್ದ ಫ್ಲ್ಯಾಪು ಹೊಸ ಟ್ಯೂಬನ್ನು ಕೊರೆಯುತ್ತದೆ. ಇಳಿಸಿದ ಹಳೆಯ ಟೈರನ್ನು ಇನ್ನೊಬ್ಬ ಟ್ರೇಲರ್‌ನವರಿಗೆ ಮಾರಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನನ್ನ ಐದನ್ನು ಹರಿದು ದನದ ನೀರಿನ ದೋಣಿ ಮಾಡಿಸಿದ್ದೇನೆ.

ನಿಲ್ಲಿಸುವ ರೀತಿಯನ್ನೂ ಈ ವರ್ಷ ಬದಲಿಸಿದೆವು. ಏಪ್ರಿಲ್‌ನಲ್ಲಿ ಜಾಕ್ ಹಚ್ಚಿ ಆ್ಯಕ್ಸಲ್ ಅಡಿಗೆ ಕಲ್ಲಿನ ದಿಂಡು ಕೊಟ್ಟು ಗಾಲಿಗಳನ್ನು ನೆಲದಿಂದ ನಾಲ್ಕು ಬೆರಳು ಎತ್ತಿದೆವು. ಪಡುವಣದ ಬದಿಗೆ ಹಳೆಯ ಗೊಬ್ಬರದ ಚೀಲ ಹೊಲಿದು ಪರದೆ ಕಟ್ಟಿದೆವು. ತಿಂಗಳಿಗೊಮ್ಮೆ ಮೊಮ್ಮಗಳು ಎಲ್ಲ ಗಾಲಿಗಳನ್ನು ಕೈಯಿಂದ ತಿರುಗಿಸಿ ಬರುತ್ತಾಳೆ. ಖರ್ಚು ಬಂದದ್ದು ಸುತಳಿ ಹುರಿಗೆ ಮಾತ್ರ.

ಕಾರ್ಖಾನೆಯವರಲ್ಲೂ ಒಂದು ಕೋರಿಕೆ. ಹಂಗಾಮಿಗೆ ಮುಂಚೆ ಸಾಗಣೆ ಕರಾರು ಮಾಡುವಾಗ ಗಾಡಿಯ ಆರ್‌ಸಿ, ವಿಮೆ, ಫೋಟೊ ಕೇಳುತ್ತೀರಿ. ಅದೇ ಅರ್ಜಿಯಲ್ಲಿ ಒಂಬತ್ತು ಟೈರಿನ ನಾಲ್ಕಂಕಿ ಬರೆಯಲು ಒಂಬತ್ತು ಖಾನೆ ಕೊಡಿ. ಬರೆಯಬೇಕೆಂದರೆ ಓದಲೇಬೇಕಾಗುತ್ತದೆ. ಯಾರ್ಡಿನಲ್ಲಿ ಹತ್ತು ಹನ್ನೆರಡು ತಾಸು ಸರದಿಗೆ ಕಾಯುವ ನಮ್ಮ ಹುಡುಗರಿಗೆ ಅಲ್ಲಿಯೇ ಒಂದು ಹವಾ ಮಷಿನ್ನು, ಒಂದು ನಂಬಿಕೆಯ ಗೇಜು ಇದ್ದರೆ ಮರಳಿ ಹೊರಡುವ ಮೊದಲು ನೋಡಿಕೊಳ್ಳುತ್ತಾರೆ.

ಆ ಹುಡುಗನ ಊರಿಗೆ ನಾನು ಮೂರು ಸಲ ಹೋಗಿ ಬಂದೆ. ಮೂಳೆ ಕೂಡಿದೆ, ಆದರೆ ಬಲಗೈ ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ, ಕಬ್ಬು ಕಡಿಯುವ ಕೊಯ್ತಾ ಹಿಡಿಯಲಾಗುವುದಿಲ್ಲ. ಅವನ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ, ಚಹಾ ಮಾಡಿಕೊಟ್ಟಳು. ಅದನ್ನು ಕುಡಿಯುವುದು ನನಗೆ ಬಹಳ ಕಷ್ಟವಾಯಿತು. ಈ ವರ್ಷವೂ ಗ್ಯಾಂಗಿನ ಜೊತೆ ಬರುತ್ತಾನಂತೆ, ಕಡಿಯುವುದಕ್ಕಲ್ಲ, ಸೂಡು ಎಣಿಸಿ ಲೆಕ್ಕ ಬರೆಯುವುದಕ್ಕೆ. ಅವನ ಮನೆಯವರಿಗೆ ಮುಜುಗರವಾಗಬಾರದೆಂದು ಈ ಪತ್ರದಲ್ಲಿ ನನ್ನ ಹೆಸರು ಊರು ಹಾಕಬೇಡಿ.

ಈಗ ನಮ್ಮ ಟ್ರೇಲರ್‌ಗಳ ಬಾಡಿಯ ಮೇಲೆ, ಪ್ರತಿ ಗಾಲಿಯ ನೆತ್ತಿಗೆ, ಬಿಳಿ ಪೇಂಟಿನಲ್ಲಿ ಆ ಟೈರಿನ ಹುಟ್ಟಿದ ವರ್ಷ ಬರೆಸಿದ್ದೇನೆ. ದೂರದಿಂದಲೇ ಕಾಣುತ್ತದೆ. ಅದನ್ನು ನೋಡಿ ನಮ್ಮ ಓಣಿಯ ಇಬ್ಬರು ತಮ್ಮದನ್ನೂ ನೋಡಿಕೊಡಲು ಕರೆದರು. ಬರುವ ಭಾನುವಾರ ಬೆಳಿಗ್ಗೆ ಮಗನೂ ನಾನೂ ಬ್ಯಾಟರಿ, ತೊಯ್ದ ಅರಿವೆ, ಸುಣ್ಣದ ಕಡ್ಡಿ ಹಿಡಿದು ಕೆಳಗಿನ ಓಣಿಗೆ ಹೋಗುವವರಿದ್ದೇವೆ. ಅಲ್ಲಿ ಇನ್ನೂ ಹನ್ನೊಂದು ಟ್ರೇಲರ್ ನೋಡುವುದು ಬಾಕಿ ಇವೆ.

ಇಂತಿ ತಮ್ಮ ಓದುಗ,
ಒಬ್ಬ ಕಬ್ಬು ಬೆಳೆಗಾರ,
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ